ಪರಿಸರ ಪುರಾತತ್ವದಲ್ಲಿ ಪಿಎಚ್.ಡಿ., ಫೆಲೋಶಿಪ್ಪೂ ಇದೆ: ಅರ್ಜಿ ಹಾಕಲೇ?

ಬದಿಯಡ್ಕದಿಂದ ಕೇಳಿದ್ದು:
ಎಂ.ಎಸ್ಸಿ. ಬಾಟನಿ ಮುಗಿಸಿದ್ದೇನೆ. ಪುರಾತತ್ವದ ಒಂದು ಪ್ರಾಜೆಕ್ಟಿನಲ್ಲಿ ಫೆಲೋಶಿಪ್ ಕೊಟ್ಟು ಪಿಎಚ್.ಡಿ. ಮಾಡಿಸಲು ಅರ್ಜಿ ಕರೆದಿದ್ದಾರೆ. ಉತ್ಖನನದಲ್ಲಿ ಸಿಕ್ಕ ಬೀಜ, ಇದ್ದಿಲು, ಪರಾಗ ನೋಡಿ ಆಗಿನವರು ಏನು ಬೆಳೆದರು, ಸುತ್ತ ಕಾಡು ಹೇಗಿತ್ತು ಅಂತ ತಿಳಿಯುವ ಕೆಲಸ. ನನಗೆ ತುಂಬಾ ಆಸೆ ಇದೆ. ಆದರೆ ಇತಿಹಾಸ ಓದಿದವಳಲ್ಲ. ಮನೆಯಲ್ಲಿ ಬಿ.ಎಡ್. ಮಾಡು, ಊರಲ್ಲೇ ಕೆಲಸ ಸಿಗುತ್ತದೆ ಅಂತಾರೆ. ಈ ದಾರಿಯಲ್ಲಿ ಹೋದವರು ಹೇಳುತ್ತೀರಾ?

ಕುಂಬಳೆಯಿಂದ:
ಧೈರ್ಯವಾಗಿ ಹಾಕು ತಂಗಿ. ನಾನೂ ಬಾಟನಿಯಿಂದಲೇ ಹೋದವಳು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ ಬಳಸುತ್ತಿದ್ದರು ಅಂತ ಗೊತ್ತಾಗಿದ್ದು ಕರಕಲಾದ ಕಾಳುಗಳಿಂದ. ಅಗೆದ ಮಣ್ಣನ್ನು ನೀರು ತುಂಬಿದ ಡ್ರಮ್ಮಿಗೆ ಸುರಿದು ಕಲಕಿದರೆ ಕರಕಲು ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಮೈಕ್ರೋಸ್ಕೋಪಿನಡಿ ಒಂದೊಂದನ್ನೇ ನೋಡಬೇಕು. ಹೆಸರೋ ಉದ್ದೋ ಅಂತ ಹೇಳಬೇಕಾದಾಗ ಇತಿಹಾಸ ಓದಿದವರು ನಿನ್ನ ಹತ್ತಿರವೇ ಬರುತ್ತಾರೆ. ಮಣ್ಣಿನ ಪದರ, ಮಡಕೆ ಚೂರು ಇವೆಲ್ಲ ಕೆಲಸ ಮಾಡುತ್ತಾ ಕಲಿಯಬಹುದು.

ಒಂದು ಕೆಲಸ ಈಗಲೇ ಶುರು ಮಾಡು. ನಿಮ್ಮ ಸುತ್ತಮುತ್ತಲಿನ ಬೀಜ ಕೂಡಿಸು. ಬೆಳೆಯ ಬೀಜಕ್ಕಿಂತ ಕಳೆಯ ಬೀಜ ಜಾಸ್ತಿ ಬೇಕು. ಭತ್ತದ ಜೊತೆ ಯಾವ ಕಳೆ ಸಿಕ್ಕಿತು ಅನ್ನುವುದರ ಮೇಲೆ ನೀರು ನಿಲ್ಲಿಸಿ ಬೆಳೆದರೋ ಬರೀ ಮಳೆ ನಂಬಿ ಬೆಳೆದರೋ ಅಂತ ಅಂದಾಜು ಮಾಡಬಹುದು. ಪ್ರತಿಯೊಂದರಲ್ಲೂ ಸ್ವಲ್ಪ ತೆಗೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮರಳಿನಲ್ಲಿ ಹುಗಿದು ಕಾಯಿಸಿ ಕರಕಲು ಮಾಡಿಡು. ಸುಟ್ಟ ಕಾಳು ಉಬ್ಬುತ್ತದೆ, ಸಿಪ್ಪೆ ಕಳಚುತ್ತದೆ, ಗುರುತೇ ಸಿಗದ ಹಾಗೆ ಆಗುತ್ತದೆ. ಅದನ್ನು ಕಣ್ಣಾರೆ ನೋಡಿದ್ದೀ ಅಂದರೆ ಸಂದರ್ಶನದಲ್ಲಿ ಮಾತಾಡಲು ನಿನಗೆ ಬೇಕಾದಷ್ಟು ಇರುತ್ತದೆ.

ಸೊಲ್ಲಾಪುರದಿಂದ:
ದುಡ್ಡಿನ ವಿಷಯ ನಾನು ಹೇಳುತ್ತೇನೆ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಫೆಲೋಶಿಪ್ ನಿಮ್ಮ ಹೆಸರಿನಲ್ಲಿದೆಯೋ ಪ್ರಾಜೆಕ್ಟಿನ ಹೆಸರಿನಲ್ಲಿದೆಯೋ, ಮೊದಲು ಅದನ್ನು ಕೇಳಿ.

ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಪಡೆದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ನಿಮ್ಮದು. 2023ರ ಜನವರಿಯಿಂದ ಅದು ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಕೆಲಸ ನೋಡಿ 42,000 ಮಾಡುತ್ತಾರೆ. ಒಟ್ಟು 5 ವರ್ಷ. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಪ್ರಾಜೆಕ್ಟಿನ ಹುದ್ದೆಗೂ ಎಷ್ಟೋ ಸಲ ಜೆಆರ್‌ಎಫ್ ಅಂತಲೇ ಹೆಸರು. ಆದರೆ ಪ್ರಾಜೆಕ್ಟ್ ಮುಗಿದ ದಿನ ಆ ಹಣವೂ ನಿಲ್ಲುತ್ತದೆ. ಸಾಮಾನ್ಯವಾಗಿ ಪ್ರಾಜೆಕ್ಟ್ 3 ವರ್ಷದ್ದು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6. ಕೋರ್ಸ್‌ವರ್ಕ್ (ಶುರುವಿನ ಕಡ್ಡಾಯ ಪಾಠಗಳು) ಮುಗಿಸಿ, ಮಣ್ಣು ತರಿಸಿ, ಬೀಜ ಆರಿಸಿ, ಥೀಸಿಸ್ ಬರೆಯಲು 3 ವರ್ಷ ಸಾಲುವುದಿಲ್ಲ. ನನ್ನ ಪ್ರಾಜೆಕ್ಟ್ ಮುಗಿದ ಮೇಲೆ ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಾ ಥೀಸಿಸ್ ಬರೆದೆ. ಆ ಕಾಲ ಬಹಳ ಕಷ್ಟದ್ದು.

ಹುದ್ದೆ ಸಿಕ್ಕ ಮಾತ್ರಕ್ಕೆ ಪಿಎಚ್.ಡಿ. ರಿಜಿಸ್ಟ್ರೇಷನ್ ಆಯಿತು ಅಂತಲೂ ಅಲ್ಲ. ವಿಶ್ವವಿದ್ಯಾಲಯದ ಪ್ರವೇಶ ಬೇರೆ. ಯಾವಾಗ, ಯಾವ ವಿಭಾಗದಲ್ಲಿ ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ಕಾರ್ಬನ್ ಡೇಟಿಂಗ್, ಅಂದರೆ ಇದ್ದಿಲು, ಬೀಜ ಎಷ್ಟು ಹಳೆಯದು ಅಂತ ತಿಳಿಯುವ ಪರೀಕ್ಷೆ, ಅದರ ಖರ್ಚು ಯಾರದು ಅಂತಲೂ ಕೇಳಿ. ಒಂದೊಂದು ಮಾದರಿಗೂ ಸಾವಿರಾರು ರೂಪಾಯಿ ಬೇಕು, ಫೆಲೋಶಿಪ್ಪಿನಿಂದ ಕೊಡಲು ಆಗುವುದಿಲ್ಲ. ನನ್ನ ಮಾತು ಇಷ್ಟೇ: ಅರ್ಜಿ ಹಾಕಿ, ಜೊತೆಗೆ ವಿಜ್ಞಾನದವರಿಗೆ ಇರುವ ಸಿಎಸ್‌ಐಆರ್ ನೆಟ್‌ನಲ್ಲಿ ಲೈಫ್ ಸೈನ್ಸಸ್ (ಜೀವವಿಜ್ಞಾನ) ಬರೆಯುವುದನ್ನು ಬಿಡಬೇಡಿ.

ಹೊಸೂರಿನಿಂದ:
ಮಣ್ಣು ಈಗಾಗಲೇ ಲ್ಯಾಬಿನಲ್ಲಿದೆಯಾ, ಇನ್ನು ಅಗೆಯಬೇಕಾ? ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾನಗಿ ಬೇಕು. ಅದು ತಡವಾದರೆ ಒಂದು ಹಂಗಾಮು ಸುಮ್ನೆ ಹೋಗುತ್ತದೆ. ಅಗೆಯುವ ಜಾಗಕ್ಕೆ ನೀವೇ ಹೋಗಬೇಕು ಅಂತ ಹಟ ಹಿಡಿಯಿರಿ. ನಮ್ಮ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯ ಕಬ್ಬಿಣಕ್ಕೆ 2022ರಲ್ಲಿ ತಮಿಳುನಾಡು ಸರ್ಕಾರ ಕ್ರಿ.ಪೂ. 2172 ಅಂತ ಕಾಲ ಹೇಳಿತಲ್ಲ, ಇಂಥ ಲೆಕ್ಕವೆಲ್ಲ ಮಾದರಿ ಯಾವ ಪದರದ್ದು ಅನ್ನುವುದರ ಮೇಲೆ ನಿಂತಿದೆ. ಪದರದ ಗುರುತು ಬರೆಯದ ಚೀಲ ಬಂದರೆ ಲ್ಯಾಬಿನಲ್ಲಿ ಎಷ್ಟು ದುಡಿದರೂ ವ್ಯರ್ಥ. ಹೆಣ್ಣುಮಕ್ಕಳಿಗೆ ಕ್ಯಾಂಪಿನಲ್ಲಿ ಉಳಿಯುವ ಕೋಣೆ, ಶೌಚಾಲಯ ಹೇಗಿದೆ ಅಂತ ಸಂಕೋಚ ಇಲ್ಲದೆ ಕೇಳಿ.

ಮಡಕಶಿರದಿಂದ:
ಹೊರದೇಶದ ಹುದ್ದೆಗಳನ್ನೂ ನೋಡಿ. ಬ್ರಿಟನ್ನಿನಲ್ಲಿ ಹಲವು ಕಡೆ ಫೆಲೋಶಿಪ್ಪಿನಲ್ಲಿ ಅಲ್ಲಿಯ ವಿದ್ಯಾರ್ಥಿಗಳ ದರದಷ್ಟು ಫೀಸು ಮಾತ್ರ ಕೊಡುತ್ತಾರೆ, ಉಳಿದದ್ದು ನಮ್ಮ ತಲೆ ಮೇಲೆ ಬರುತ್ತದೆ. ಜರ್ಮನಿಯಲ್ಲಿ ಪಿಎಚ್.ಡಿ. ಎಷ್ಟೋ ಸಲ ಸಂಬಳದ ನೌಕರಿ. ಆದರೆ 65 ಶೇಕಡಾ ಹುದ್ದೆ ಅಂತ ಇದ್ದರೆ ಸಂಬಳವೂ ಅಷ್ಟೇ ಪಾಲು.

ಬದಿಯಡ್ಕದಿಂದ:
ಎಲ್ಲರಿಗೂ ತುಂಬಾ ಉಪಕಾರ. ಕುಂಬಳೆ ಅಕ್ಕ, ಎರಡು ಪುಟದ ಪ್ರಸ್ತಾವ ಕೇಳಿದ್ದಾರೆ. ನಮ್ಮ ಕಾಸರಗೋಡಿನಲ್ಲಿ ನೀರಿಗಾಗಿ ಗುಡ್ಡೆ ಕೊರೆದ ಸುರಂಗದ ಮೇಲೆ ಬರೆಯಬಹುದಾ? ಮನೆಯವರಿಗೆ ಏನು ಹೇಳಲಿ?

ಕುಂಬಳೆಯಿಂದ:
ನಮ್ಮ ಜಿಲ್ಲೆಯ ಮೇಲೆ ಬರೆದರೆ ನನಗೆ ತುಂಬಾ ಸಂತೋಷ. ಆದರೆ ಸುರಂಗದಿಂದ ಶುರು ಮಾಡಬೇಡ. ಗುಡ್ಡೆಗೆ ಅಡ್ಡವಾಗಿ ಕೊರೆದು ಮಣ್ಣು ಹೊರಗೆ ಹಾಕಿರುತ್ತಾರೆ, ಒಳಗೆ ಕಾಲ ಹೇಳುವಂಥದ್ದು ಉಳಿಯುವುದು ಅಪರೂಪ. ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹುಳಿ, ಅದರಲ್ಲಿ ಮೂಳೆ ಕರಗಿ ಹೋಗುತ್ತದೆ. ಇದ್ದಿಲು ಉಳಿಯುತ್ತದೆ. ಫೈಟೋಲಿತ್, ಅಂದರೆ ಹುಲ್ಲು ಮತ್ತು ಭತ್ತದ ಎಲೆ, ಹೊಟ್ಟಿನೊಳಗಿನ ಸಿಲಿಕಾ ಕಣ, ಅದೂ ಉಳಿಯುತ್ತದೆ. ಪರಾಗ ಬೇಕಾದರೆ ವರ್ಷವಿಡೀ ಒದ್ದೆ ಇರುವ ಕೆಸರು ಹುಡುಕಬೇಕು. ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೋ: ಗುಡ್ಡೆ ನಡುವಿನ ಬಯಲಿನಲ್ಲಿ ಕಾಡು ಕಡಿದು ಗದ್ದೆ ಮಾಡಿದ್ದು ಯಾವಾಗ? ಕೆಸರಿನ ಪದರಗಳಲ್ಲಿ ಮರದ ಪರಾಗ ಕಡಿಮೆಯಾಗಿ, ಭತ್ತದ ಫೈಟೋಲಿತ್ ಮತ್ತು ಇದ್ದಿಲು ಏರುವ ಜಾಗ ಸಿಕ್ಕರೆ ಅದಕ್ಕೆ ಕಾಲ ಹಾಕಬಹುದು. ಪ್ರಾಜೆಕ್ಟಿನ ಜಾಗ ಬೇರೆ ಇದ್ದರೂ ನೀನು ಯೋಚಿಸುವ ರೀತಿ ಅವರಿಗೆ ಗೊತ್ತಾಗುತ್ತದೆ.

ಮನೆಯವರಿಗೆ ನಿಜವನ್ನೇ ಹೇಳು. ಪುಣೆಯ ಡೆಕ್ಕನ್ ಕಾಲೇಜು, ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಂಥ ಕಡೆ ಈ ಕೆಲಸ ನಡೆಯುತ್ತದೆ, ಹುದ್ದೆಗಳು ಕಡಿಮೆ. ಆದರೆ ಎಂ.ಎಸ್ಸಿ. ಬಾಟನಿ ಜೊತೆ ಲೈಫ್ ಸೈನ್ಸಸ್ ನೆಟ್ ಆದರೆ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುವ ದಾರಿ ತೆರೆದೇ ಇರುತ್ತದೆ. ಬಿ.ಎಡ್. ಆಮೇಲೆ ಬೇಕಾದರೂ ಮಾಡಬಹುದು. ಅಮ್ಮನಿಗೆ ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ಫೋನ್ ಮಾಡಿಸು. ಪ್ರಸ್ತಾವದ ಕರಡು ಆದ ಕೂಡಲೇ ಕಳಿಸು, ಓದಿ ಗುರುತು ಹಾಕಿ ಕೊಡುತ್ತೇನೆ.