ಸ್ಕೂಲಿನ ಮೆಸೇಜ್ ಮನೆಯಲ್ಲಿ ಯಾರಿಗೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಬಂತೆಂದರೆ ಅಮೆರಿಕದ ಕನ್ನಡಿಗರ ನಮ್ಮ ಗುಂಪಿನಲ್ಲಿ ಒಂದೇ ಬಗೆಯ ಪ್ರಶ್ನೆಗಳು. ಯಾವ ಸ್ಕೂಲಿನ ರೇಟಿಂಗ್ ಎಷ್ಟು, ಫ್ರೀಮಾಂಟ್ ಒಳ್ಳೆಯದಾ ಸ್ಯಾನ್ ರಮೋನ್ ಒಳ್ಳೆಯದಾ, ಯಾವ ಅಪಾರ್ಟ್‌ಮೆಂಟ್ ಯಾವ ಸ್ಕೂಲಿಗೆ ಸೇರುತ್ತದೆ. ಅಡ್ಮಿಷನ್ ಆದ ಮೇಲೆ ಪ್ರಶ್ನೆಗಳೇ ನಿಂತುಹೋಗುತ್ತವೆ. ನನಗನ್ನಿಸುವುದು, ಕೇಳಲೇಬೇಕಾದ ಪ್ರಶ್ನೆಗಳು ಶುರುವಾಗುವುದೇ ಆಗ. ಸ್ಕೂಲು ಏನೇನು ಕೊಡುತ್ತದೆ, ಮಗುವಿಗೆ ಕಷ್ಟವಾದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದನ್ನು ಹೊಸದಾಗಿ ಬಂದವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಅದಕ್ಕೇ ಈ ಉದ್ದ ಬರಹ. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಬಹುಪಾಲು ಇಲ್ಲಿನ ವಿಷಯ. ಬೇರೆ ರಾಜ್ಯದವರಿಗೆ ಕೊನೆಯ ಹತ್ತಿರ ಸ್ವಲ್ಪ ಬರೆದಿದ್ದೇನೆ.

ಮೊದಲು ಒಂದು ಸಣ್ಣ ಕೆಲಸ. ಸ್ಕೂಲಿನ ದಾಖಲೆಯಲ್ಲಿ ಯಾರ ಇಮೇಲ್, ಯಾರ ಫೋನ್ ನಂಬರ್ ಇದೆ ಅಂತ ಇವತ್ತೇ ನೋಡಿ. ನಮ್ಮ ಬಹಳಷ್ಟು ಮನೆಗಳಲ್ಲಿ ಗಂಡನದೊಂದೇ ಇರುತ್ತದೆ. ಬಾಡಿಗೆ ಕರಾರು, ವೀಸಾ ಕಾಗದ, ಬ್ಯಾಂಕ್ ಎಲ್ಲ ಅವರ ಹೆಸರಲ್ಲಿರುವುದರಿಂದ ಸ್ಕೂಲಿನ ಫಾರ್ಮನ್ನೂ ಅವರೇ ತುಂಬಿರುತ್ತಾರೆ. ಬುಧವಾರ ಬೇಗ ಬಿಡುತ್ತಾರೆ, ಟೀಚರ್ ಜೊತೆ ಮಾತಾಡಲು ಸಮಯ ಕಾಯ್ದಿರಿಸಿ, ಉಚಿತ ಓದು ತರಗತಿಗೆ ಇಂದೇ ಕೊನೆಯ ದಿನ ಅನ್ನುವ ಮೆಸೇಜ್‌ಗಳು ಅವರ ಆಫೀಸ್ ಮೇಲ್‌ಗಳ ನಡುವೆ ಮುಳುಗಿಹೋಗುತ್ತವೆ. ದಿನಾ ಮಗುವನ್ನು ಬಿಟ್ಟು ಕರೆತರುವ ತಾಯಿ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ ಮನೆಯಲ್ಲೇ ಇರುತ್ತಾರೆ, ಓದಲು ಸಮಯವೂ ಇರುತ್ತದೆ, ಆದರೆ ಅವರಿಗೆ ಒಂದು ಸಾಲೂ ತಲುಪುವುದಿಲ್ಲ. ಪೇರೆಂಟ್‌ಸ್ಕ್ವೇರ್ ಇರಲಿ, ಪವರ್‌ಸ್ಕೂಲ್ ಇರಲಿ, ಏರೀಸ್ ಇರಲಿ, ಸ್ಕೂಲು ಬಳಸುವ ಇಂಥ ಆ್ಯಪ್‌ಗಳಲ್ಲಿ ತಂದೆ ತಾಯಿ ಇಬ್ಬರೂ ಬೇರೆ ಬೇರೆ ಖಾತೆ ಇಟ್ಟುಕೊಳ್ಳಬಹುದು. ಸ್ಕೂಲಿನ ಆಫೀಸಿಗೆ ಹೋಗಿ ತಾಯಿಯ ಇಮೇಲ್ ಸೇರಿಸಿ ಅಂದರೆ ಸಾಕು. ಅಜ್ಜಿ ತಾತ ಆರು ತಿಂಗಳಿಗೆ ಬಂದಿದ್ದು ಅವರೂ ಮಗುವನ್ನು ಕರೆತರುತ್ತಾರಾದರೆ, ತುರ್ತು ಸಂಪರ್ಕದ ಪಟ್ಟಿಯಲ್ಲಿ ಅವರ ಹೆಸರೂ ಇರಲಿ.

ಇಂಗ್ಲಿಷಿನಲ್ಲಿ ಮಾತಾಡಲು ಮುಜುಗರಪಡುವ ತಾಯಂದಿರಿಗೆ ಒಂದು ಮಾತು. ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ವಿಷಯ ತಿಳಿಸುವುದು ಸ್ಕೂಲಿನ ಕರ್ತವ್ಯ. 1964ರ ಸಿವಿಲ್ ರೈಟ್ಸ್ ಕಾನೂನಿನಿಂದ ಬಂದ ಕರ್ತವ್ಯ ಅದು. ದುಭಾಷಿ ಬೇಕು ಅಂತ ಕೇಳುವುದರಲ್ಲಿ ಸಂಕೋಚವೇ ಬೇಡ. ಮಗನನ್ನೋ ಮಗಳನ್ನೋ ದುಭಾಷಿ ಮಾಡಬೇಡಿ. ತನ್ನ ಬಗ್ಗೆ ಟೀಚರ್ ಹೇಳುವುದನ್ನು ಮಗುವೇ ಅಮ್ಮನಿಗೆ ಅನುವಾದ ಮಾಡುವ ಸ್ಥಿತಿ ಬರಬಾರದು ಅಲ್ವಾ?

ಡಿಸ್ಟ್ರಿಕ್ಟ್ ಅಂದರೆ ಏನು ಅಂತಲೂ ಹೇಳಬೇಕು. ಒಂದು ಪ್ರದೇಶದ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಸ್ಥಳೀಯ ಸಂಸ್ಥೆ ಅದು. ಊರಿನಲ್ಲಿ ಬಿಇಒ, ಡಿಡಿಪಿಐ ಇದ್ದ ಹಾಗೆ ಸರ್ಕಾರ ನೇಮಿಸಿದ ಅಧಿಕಾರಿಯ ಮೇಲೆ ಇದು ನಿಂತಿಲ್ಲ. ಇಲ್ಲಿ ಸ್ಕೂಲ್ ಬೋರ್ಡಿಗೆ ಚುನಾವಣೆ ನಡೆಯುತ್ತದೆ, ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಅವರನ್ನು ಬೋರ್ಡೇ ನೇಮಿಸುತ್ತದೆ. ಯಾವ ಸ್ಕೂಲಿನ ಗಡಿ ಬದಲಾಗುತ್ತದೆ, ಯಾವ ಕಾರ್ಯಕ್ರಮಕ್ಕೆ ದುಡ್ಡು ಸಿಗುತ್ತದೆ, ಯಾವುದು ನಿಲ್ಲುತ್ತದೆ ಅನ್ನುವುದೆಲ್ಲ ಆ ಬೋರ್ಡಿನ ಸಭೆಯಲ್ಲಿ ತೀರ್ಮಾನ. ಬ್ರೌನ್ ಆಕ್ಟ್ ಅನ್ನುವ 1953ರ ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಯಾರು ಬೇಕಾದರೂ ಹೋಗಿ ಮಾತಾಡಬಹುದು. ಮತ ಹಾಕಲು ಬಹುತೇಕ ಕಡೆ ಪೌರತ್ವ ಬೇಕು ನಿಜ, ಮಾತಾಡಲು ಬೇಡ. ನಮ್ಮ ಸ್ಕೂಲಿನಲ್ಲಿ ಸಂಗೀತ ನಿಲ್ಲಿಸಿಬಿಟ್ಟರು ಅಂತ ಇಲ್ಲಿ ಬರೆಯುವವರು ಆ ಪಟ್ಟಿಯನ್ನು ಮೂರು ದಿನ ಮೊದಲು ಓದಿದ್ದರೆ ಅಲ್ಲೇ ಹೋಗಿ ಹೇಳಬಹುದಿತ್ತು.

ಈಗ ಗುಂಪಿನಲ್ಲಿ ಪ್ರತಿ ವರ್ಷ ಓಡಾಡುವ ಒಂದು ಸಲಹೆಗೆ ಬರುತ್ತೇನೆ. "ಮನೆ ಭಾಷೆ ಯಾವುದು ಅಂತ ಕೇಳಿದರೆ ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲದಿದ್ದರೆ ಮಗುವನ್ನು ಹಿಂದುಳಿದ ಕ್ಲಾಸಿಗೆ ಹಾಕುತ್ತಾರೆ." ದಯವಿಟ್ಟು ಈ ಸಲಹೆ ಕೊಡುವುದನ್ನು ನಿಲ್ಲಿಸೋಣ. ಅಡ್ಮಿಷನ್ ಹೊತ್ತಿಗೆ ಕೊಡುವ ಆ ಮನೆ ಭಾಷೆಯ ಫಾರ್ಮಿನಲ್ಲಿ ನಾಲ್ಕು ಪ್ರಶ್ನೆಗಳಿವೆ. ಮಗು ಮೊದಲು ಕಲಿತ ಭಾಷೆ, ಮನೆಯಲ್ಲಿ ಮಗು ಜಾಸ್ತಿ ಮಾತಾಡುವ ಭಾಷೆ, ನೀವು ಮಗುವಿನ ಜೊತೆ ಜಾಸ್ತಿ ಆಡುವ ಭಾಷೆ, ಮನೆಯ ದೊಡ್ಡವರು ಆಡುವ ಭಾಷೆ. ಮೊದಲ ಮೂರರಲ್ಲಿ ಯಾವುದಕ್ಕಾದರೂ ಕನ್ನಡ ಅಂತ ಬರೆದರೆ, 30 ದಿನಗಳೊಳಗೆ ಮಗುವಿಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಕೇಳುವುದು, ಮಾತು, ಓದು, ಬರಹ, ಇಷ್ಟೇ. ಇಂಗ್ಲಿಷ್ ಚೆನ್ನಾಗಿದ್ದರೆ ಮೊದಲ ಸಲವೇ ಪಾಸಾಗಿ ವಿಷಯ ಮುಗಿಯುತ್ತದೆ. ಟಿಕೆ (ಕಿಂಡರ್‌ಗಾರ್ಟನ್‌ಗೆ ಹಿಂದಿನ ವರ್ಷದ ತರಗತಿ) ಮಕ್ಕಳಿಗಂತೂ 2024ರಿಂದ ಈ ಪರೀಕ್ಷೆ ಇಲ್ಲ.

ಪಾಸಾಗದಿದ್ದರೆ? ಮಗುವಿಗೆ ಇಂಗ್ಲಿಷ್ ಕಲಿಯಲು ಪ್ರತಿದಿನ ನೆರವು ಸಿಗುತ್ತದೆ. ಇದು ಹಾಗೇ ಬಂದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಕೋರ್ಟಿಗೆ ಹೋಗಿ, 1974ರಲ್ಲಿ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋರಾಡಿದ್ದರು. ಭಾಷೆ ಅರ್ಥವಾಗದ ಮಗುವನ್ನು ಹಾಗೇ ಕ್ಲಾಸಿನಲ್ಲಿ ಕೂರಿಸಿದರೆ ಅದು ಸಮಾನ ಶಿಕ್ಷಣ ಅಲ್ಲ ಅಂತ ಆಗ ತೀರ್ಪು ಬಂತು. ಐದನೇ ಕ್ಲಾಸಿಗೆ ಬೆಂಗಳೂರಿನಿಂದ ನೇರ ಬಂದು ಇಲ್ಲಿನ ಉಚ್ಚಾರಣೆಗೆ ತಡಬಡಾಯಿಸುವ ನಮ್ಮ ಮಕ್ಕಳಿಗೂ ಅದರ ಫಲ ಸಿಗುತ್ತಿದೆ. ಅದನ್ನು ಹೆದರಿ ಬಿಟ್ಟುಕೊಡುವುದು ನನಗೆ ಬೇಸರದ ವಿಷಯ.

ಹೆದರಬೇಕಾದದ್ದು ಬೇರೆ ಇದೆ. ಒಮ್ಮೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿದ ಮಗು ವರ್ಷಗಟ್ಟಲೆ ಅಲ್ಲೇ ಉಳಿದರೆ, ಮಿಡ್ಲ್ ಸ್ಕೂಲಿನಲ್ಲಿ ಇಷ್ಟದ ಒಂದು ವಿಷಯದ ಜಾಗದಲ್ಲಿ ಇಂಗ್ಲಿಷ್ ನೆರವಿನ ತರಗತಿ ಬರಬಹುದು. ಅದಕ್ಕೆ ಪ್ರತಿ ವರ್ಷ ವಿಚಾರಿಸಬೇಕು. ಪಟ್ಟಿಯಿಂದ ಹೊರಬರಲು ನಾಲ್ಕು ವಿಷಯ ನೋಡುತ್ತಾರೆ. ಎಲ್‌ಪ್ಯಾಕ್‌ನಲ್ಲಿ ಒಟ್ಟಾರೆ 4ನೇ ಹಂತ, ಟೀಚರ್ ಅಭಿಪ್ರಾಯ, ಓದಿನ ಮಟ್ಟ, ಜೊತೆಗೆ ನಿಮ್ಮ ಅಭಿಪ್ರಾಯ. ಹೌದು, ಪೋಷಕರ ಅಭಿಪ್ರಾಯವೂ ಅದರಲ್ಲಿ ಸೇರಿದೆ. ಅದಕ್ಕಾಗಿ ಕರೆದಾಗ ಹೋಗಿ. ಇಂಥ ಮಕ್ಕಳು 21ಕ್ಕಿಂತ ಕಡಿಮೆ ಇಲ್ಲದ ಪ್ರತಿ ಸ್ಕೂಲಿನಲ್ಲೂ ಇಲಾಕ್ ಅನ್ನುವ ಪೋಷಕರ ಸಮಿತಿ ಇರಲೇಬೇಕು. ಅಲ್ಲಿ ನಮ್ಮವರು ಯಾರೂ ಕೂರುವುದನ್ನು ನಾನು ನೋಡಿಲ್ಲ. ಕೂರಬೇಕು.

ಇನ್ನು ನಮ್ಮ ಜನ ಗುಂಪಿನಲ್ಲಿ ಬರೆಯದ, ಸಂಕ್ರಾಂತಿ ಕೂಟದಲ್ಲಿ ಮೂಲೆಗೆ ಕರೆದು ಮೆಲ್ಲಗೆ ಕೇಳುವ ವಿಷಯ. ಮಗು ಮಾತಾಡುತ್ತಿಲ್ಲ. ಎರಡನೇ ಕ್ಲಾಸಾದರೂ ಓದಲು ಬರುತ್ತಿಲ್ಲ. ಒಂದು ಕಡೆ ಕೂರುವುದಿಲ್ಲ ಅಂತ ಟೀಚರ್ ಮತ್ತೆ ಮತ್ತೆ ಬರೆಯುತ್ತಿದ್ದಾರೆ. ಊರಿಗೆ ಫೋನ್ ಮಾಡಿದರೆ "ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿಬಿಟ್ಟಿದ್ದು ಕಣಮ್ಮ, ಬಿಡು" ಅನ್ನುತ್ತಾರೆ. ಇಲ್ಲಿ ಯಾರೋ "ಕನ್ನಡ, ಇಂಗ್ಲಿಷ್ ಎರಡೂ ಆಡಿಸ್ತೀರಲ್ಲ, ಅದಕ್ಕೇ ಗೊಂದಲ, ಕನ್ನಡ ನಿಲ್ಲಿಸಿ" ಅನ್ನುತ್ತಾರೆ. ಎರಡು ಭಾಷೆ ಆಡಿಸುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಸ್ಪೀಚ್ ತಜ್ಞರು ಈ ವಿಷಯದಲ್ಲಿ ಸ್ಪಷ್ಟವಾಗಿದ್ದಾರೆ. ಕನ್ನಡ ನಿಲ್ಲಿಸಿದರೆ ಮಗು ಅಜ್ಜಿಯ ಮಾತು ಕಳೆದುಕೊಳ್ಳುತ್ತದೆ, ಇದ್ದ ತೊಂದರೆ ಹಾಗೇ ಇರುತ್ತದೆ.

ಮೂರು ವರ್ಷ ತುಂಬದ ಮಗುವಾದರೆ ಕ್ಯಾಲಿಫೋರ್ನಿಯಾದಲ್ಲಿ ರೀಜನಲ್ ಸೆಂಟರ್‌ಗೆ ಫೋನ್ ಮಾಡಿ, ಬೆಳವಣಿಗೆ ತಡವಾದ ಪುಟ್ಟ ಮಕ್ಕಳಿಗೆ ನೆರವಾಗುವ ಅರ್ಲಿ ಸ್ಟಾರ್ಟ್ ಬಗ್ಗೆ ಕೇಳಿ. ಮೂರು ತುಂಬಿದ ಮೇಲೆ ಅದು ಸ್ಕೂಲ್ ಡಿಸ್ಟ್ರಿಕ್ಟಿನ ಜವಾಬ್ದಾರಿ. ಮಗು ಇನ್ನೂ ಸ್ಕೂಲಿಗೆ ಸೇರಿರದಿದ್ದರೂ, ಖಾಸಗಿ ಪ್ರೀಸ್ಕೂಲಿಗೆ ಹೋಗುತ್ತಿದ್ದರೂ ಸರಿ, ಡಿಸ್ಟ್ರಿಕ್ಟ್ ಪರೀಕ್ಷಿಸಬೇಕು. ಒಂದು ಡಾಲರ್ ಖರ್ಚಿಲ್ಲ. ವೀಸಾ ನೋಡಿ ಸ್ಕೂಲು ಬಾಗಿಲು ಮುಚ್ಚುವ ಹಾಗೂ ಇಲ್ಲ, ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪು ಅದನ್ನು ಮುಗಿಸಿದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ಮಾತು: ಬರವಣಿಗೆಯಲ್ಲಿ ಕೇಳಿ. ಗೇಟಿನ ಹತ್ತಿರ ಟೀಚರ್‌ಗೆ ಹೇಳಿದರೆ ಅವರು ಪ್ರೀತಿಯಿಂದಲೇ "ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುತ್ತಾರೆ, ಒಂದು ವರ್ಷ ಹೋಗುತ್ತದೆ. ಅದೇ ಮಾತನ್ನು ತಾರೀಖು ಹಾಕಿ, ವಿಶೇಷ ಶಿಕ್ಷಣಕ್ಕಾಗಿ ನನ್ನ ಮಗುವನ್ನು ಪರೀಕ್ಷಿಸಿ ಅಂತ ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿದರೆ ದಿನ ಎಣಿಕೆ ಶುರು. 15 ದಿನಗಳಲ್ಲಿ ಏನೇನು ಪರೀಕ್ಷಿಸುತ್ತೇವೆ ಅನ್ನುವ ಯೋಜನೆ ನಿಮ್ಮ ಕೈಗೆ ಬರಬೇಕು. ನೀವು ಸಹಿ ಹಾಕಿಕೊಟ್ಟ ಮೇಲೆ 60 ದಿನಗಳಲ್ಲಿ ಪರೀಕ್ಷೆ ಮುಗಿದು ಐಇಪಿ (ಮಗುವಿಗೆ ಕೊಡುವ ವಿಶೇಷ ನೆರವಿನ ಲಿಖಿತ ಯೋಜನೆ) ಸಭೆ ನಡೆಯಬೇಕು. ಉದ್ದದ ರಜೆಗಳು ಲೆಕ್ಕಕ್ಕಿಲ್ಲ, ಹಾಗಾಗಿ ಮೇ ತಿಂಗಳವರೆಗೆ ಕಾಯಬೇಡಿ. ಮೊದಲು ಎಸ್‌ಎಸ್‌ಟಿ (ಟೀಚರ್, ಪೋಷಕರು ಕೂತು ಮಗುವಿನ ಕಷ್ಟ ಚರ್ಚಿಸುವ) ಸಭೆ ಮಾಡೋಣ ಅಂತ ಸ್ಕೂಲು ಹೇಳಬಹುದು. ಹೋಗಿ, ಒಳ್ಳೆಯದೇ. ಆದರೆ ಅದಕ್ಕೆ ಇಂಥ ಗಡುವಿಲ್ಲ, ಅದು ನಿಮ್ಮ ಅರ್ಜಿಯನ್ನು ತಡೆಯುವಂತಿಲ್ಲ.

ಐಇಪಿ ಸಭೆಗೆ ಹೋದರೆ ಮೇಜಿನ ಆ ಕಡೆ ಐದಾರು ಜನ ಇರುತ್ತಾರೆ. ಪ್ರಿನ್ಸಿಪಾಲ್, ಟೀಚರ್, ಸೈಕಾಲಜಿಸ್ಟ್, ಸ್ಪೀಚ್‌ನವರು. ಈ ಕಡೆ ಅಮ್ಮ ಒಬ್ಬರೇ, ಅಪ್ಪ ಫೋನಿನಲ್ಲಿ. ಹಾಗೆ ಹೋಗಬೇಡಿ. ನಿಮಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು, ನಮ್ಮ ಗುಂಪಿನ ಗೆಳತಿಯನ್ನಾದರೂ ಸರಿ. ವರದಿಗಳ ಪ್ರತಿಯನ್ನು ಸಭೆಗೆ ಮೊದಲೇ ಕೇಳಿ ಓದಿಕೊಳ್ಳಿ. ಅಲ್ಲೇ ಸಹಿ ಹಾಕಬೇಕೆಂದಿಲ್ಲ, ಮನೆಗೆ ತಂದು ಯೋಚಿಸಿ. ಒಪ್ಪಿಗೆಯಾದ ಭಾಗಕ್ಕೆ ಮಾತ್ರ ಸಹಿ ಹಾಕಿ ಅಷ್ಟರ ಮಟ್ಟಿಗೆ ನೆರವು ಶುರು ಮಾಡಿಸಲೂಬಹುದು. ಮಗು ಕನ್ನಡವನ್ನೇ ಜಾಸ್ತಿ ಆಡುವುದಾದರೆ, ಸಾಧ್ಯವಿದ್ದಷ್ಟೂ ಕನ್ನಡದಲ್ಲೇ ಪರೀಕ್ಷೆ ಮಾಡಬೇಕು ಅಂತ ಕಾನೂನಿದೆ. ಇಂಗ್ಲಿಷ್ ಬಾರದಿರುವುದನ್ನೇ ಕಲಿಕೆಯ ತೊಂದರೆ ಅಂತ ಎಣಿಸಬಾರದಲ್ಲ, ಅದಕ್ಕೆ.

ಡಯಾಬಿಟಿಸ್, ಆಸ್ತಮಾ, ಕಡಲೆಕಾಯಿ ಅಲರ್ಜಿ, ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಇದ್ದು ಪಾಠದಲ್ಲಿ ಮುಂದಿರುವ ಮಕ್ಕಳಿಗೆ 504 ಪ್ಲ್ಯಾನ್ ಇದೆ. 1973ರ ಕಾನೂನಿನ 504ನೇ ಸೆಕ್ಷನ್ ಅದು. ಪರೀಕ್ಷೆಗೆ ಹೆಚ್ಚು ಸಮಯ, ಕ್ಲಾಸಿನಲ್ಲಿ ಮುಂದಿನ ಜಾಗ, ಔಷಧಿ ಯಾರು ಕೊಡುತ್ತಾರೆ ಅನ್ನುವುದನ್ನೆಲ್ಲ ಅದರಲ್ಲಿ ಬರೆಸಬಹುದು.

ಕೆಲಸ ಬದಲಾಗಿ ಊರು ಬದಲಿಸುವವರು ನಮ್ಮಲ್ಲಿ ಜಾಸ್ತಿ. ಐಇಪಿಯ ಪ್ರತಿ ನಿಮ್ಮ ಕೈಯಲ್ಲಿರಲಿ, ಹೊಸ ಡಿಸ್ಟ್ರಿಕ್ಟಿಗೆ ಮೊದಲ ದಿನವೇ ಕೊಡಿ. ಅವರು ಅದಕ್ಕೆ ಸಮನಾದ ನೆರವು ಕೊಡಲೇಬೇಕು. ಕರ್ನಾಟಕಕ್ಕೆ ವಾಪಸ್ ಹೋಗುವವರು ವರದಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕೆಯ ತೊಂದರೆ ಎರಡೂ ಸೇರಿವೆ. ಅಲ್ಲಿ ಹೊಸದಾಗಿ ಪ್ರಮಾಣಪತ್ರ ಮಾಡಿಸಬೇಕು, ಆಗ ಹಳೆಯ ವರದಿಗಳು ಡಾಕ್ಟರಿಗೆ ಉಪಯೋಗಕ್ಕೆ ಬರುತ್ತವೆ.

ದೊಡ್ಡ ಮಕ್ಕಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೌನ್ಸೆಲರ್ ಹೆಸರು ಗೊತ್ತಿರಲಿ. ಹೈಸ್ಕೂಲಿನಲ್ಲಿದ್ದೇ ಕಮ್ಯುನಿಟಿ ಕಾಲೇಜಿನ ಕೋರ್ಸ್ ತೆಗೆದುಕೊಳ್ಳುವ ಅವಕಾಶ ಕೇಳಿ. ಕನ್ನಡ ಶಾಲೆಯ ಕಲಿಕೆಗೆ ಕೆಲವು ಡಿಸ್ಟ್ರಿಕ್ಟ್‌ಗಳು ಕ್ರೆಡಿಟ್ ಕೊಡುತ್ತವೆ, ಅದನ್ನೂ ಒಂಬತ್ತನೇ ಕ್ಲಾಸಿನಲ್ಲೇ ಕೇಳಿ. ಮಗು ಮಂಕಾಗಿದೆ, ಊಟ ಬಿಟ್ಟಿದೆ, ಬದುಕು ಬೇಡ ಅನ್ನುವ ಮಾತಾಡುತ್ತಿದೆ ಅಂದರೆ "ಮಾರ್ಕ್ಸ್ ಟೆನ್ಷನ್" ಅಂತ ತಳ್ಳಬೇಡಿ. 988 ಸಹಾಯವಾಣಿಗೆ ಯಾವ ಹೊತ್ತಿಗಾದರೂ ಫೋನ್ ಅಥವಾ ಮೆಸೇಜ್ ಮಾಡಬಹುದು, ಇಡೀ ಅಮೆರಿಕಕ್ಕೆ ಒಂದೇ ನಂಬರ್.

ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಸರ್ಕಾರಿ ಸ್ಕೂಲುಗಳಲ್ಲಿ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. ಆದರೂ ಆದಾಯದ ಫಾರ್ಮ್ ಕಳಿಸುತ್ತಾರೆ, ಸ್ಕೂಲಿಗೆ ಬರುವ ಹಣದ ಒಂದು ಭಾಗ ಅದರ ಮೇಲೆ ನಿಂತಿದೆ. ತುಂಬಿ ಕೊಡಿ.

ಬೇರೆ ರಾಜ್ಯದವರಿಗೆ: ಐಇಪಿ, 504, ದುಭಾಷಿ, ಇವು ದೇಶಕ್ಕೆಲ್ಲ ಒಂದೇ. ಗಡುವು, ಹೆಸರು ಬದಲಾಗುತ್ತವೆ. ಟೆಕ್ಸಾಸಿನಲ್ಲಿ ಐಇಪಿ ಸಭೆಗೆ ಎಆರ್‌ಡಿ ಅನ್ನುತ್ತಾರೆ, ಒಪ್ಪಿಗೆ ಕೊಟ್ಟ ಮೇಲೆ ಪರೀಕ್ಷೆಗೆ 45 ಶಾಲಾ ದಿನ. ನ್ಯೂಜೆರ್ಸಿಯಲ್ಲಿ ಅರ್ಜಿ ಕೊಟ್ಟ 20 ದಿನಗಳಲ್ಲಿ ಮೊದಲ ಸಭೆ ಕರೆಯಬೇಕು.

ಗುಂಪಿನ ಹಿರಿಯರಲ್ಲಿ ಒಂದು ಕೋರಿಕೆ. ನಿಮ್ಮ ಡಿಸ್ಟ್ರಿಕ್ಟಿನ ವಿಷಯವನ್ನು ಗೊತ್ತಿದ್ದಷ್ಟು ಕೆಳಗೆ ಕನ್ನಡದಲ್ಲೇ ಬರೆಯಿರಿ, ಯಾವ ವರ್ಷದ ಮಾಹಿತಿ ಅಂತ ಸೇರಿಸಿ. ಬೇರೆಯವರ ಮಗುವಿನ ಹೆಸರು, ಸ್ಕೂಲು ಮಾತ್ರ ಹಾಕಬೇಡಿ. ಪರೀಕ್ಷೆಗೆ ಅರ್ಜಿ ಬರೆಯಬೇಕು, ಎಲ್ಲರ ಮುಂದೆ ಕೇಳಲು ಮನಸ್ಸಿಲ್ಲ ಅನ್ನುವವರು ನನಗೆ ನೇರವಾಗಿ ಬರೆಯಿರಿ. ಐದಾರು ಸಾಲಿನ ಇಮೇಲ್ ಅಷ್ಟೇ, ಕೂತು ಬರೆಯೋಣ. ನಿಮ್ಮೂರಿನ ಸಭೆಯಾದರೆ ಜೊತೆಗೆ ಬರಲೂ ನಾನು ತಯಾರಿದ್ದೇನೆ.