ಮದುವೆ ಮಂಟಪದಲ್ಲಿ ಫ್ಲ್ಯಾಶ್: ಎಕ್ಸ್‌ಪೋಷರ್ ಹೇಗಿಡಬೇಕು?

ಪ್ರಶ್ನೆ: ಮುಂದಿನ ತಿಂಗಳು ಅತ್ತೆಯ ಮಗಳ ಮದುವೆಯಲ್ಲಿ ಫೋಟೋ ತೆಗೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಫ್ಲ್ಯಾಶ್ ಹಾಕಿದರೆ ಮುಖಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತವೆ, ಹಿಂದಿನ ಹೂವಿನ ಅಲಂಕಾರ ಕತ್ತಲಲ್ಲಿ ಮುಳುಗುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಒಬ್ಬರು: ಸಭಾಂಗಣದ ದೀಪಗಳ ಬೆಳಕನ್ನೂ ಫ್ಲ್ಯಾಶಿನ ಬೆಳಕನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಫ್ಲ್ಯಾಶ್ ಮಿಂಚಿ ಮರೆಯಾಗುವುದು ಷಟರ್ ತೆರೆದಿರುವ ಅವಧಿಯ ಒಂದು ಸಣ್ಣ ಭಾಗದಲ್ಲಿ ಮಾತ್ರ. ಆದ್ದರಿಂದ ಷಟರ್ 1/60 ಸೆಕೆಂಡ್ ಇದ್ದರೂ 1/200 ಇದ್ದರೂ ಮುಖಕ್ಕೆ ಸಿಗುವ ಫ್ಲ್ಯಾಶ್ ಬೆಳಕು ಹೆಚ್ಚುಕಡಿಮೆ ಅಷ್ಟೇ, ಬದಲಾಗುವುದು ಹಿನ್ನೆಲೆ. ಅಪರ್ಚರ್ (ಎಫ್ ಸಂಖ್ಯೆಯಲ್ಲಿ ಹೇಳುವ ಲೆನ್ಸಿನ ಕಿಂಡಿಯ ಅಳತೆ) ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಮಾತ್ರ ಎರಡೂ ಬೆಳಕಿಗೆ ಅನ್ವಯಿಸುತ್ತವೆ. ನಾನು ಮೊದಲು ಫ್ಲ್ಯಾಶ್ ಬಂದ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಐಎಸ್‌ಒ 800, ಎಫ್/4, 1/100 ಇಟ್ಟು ಬರಿಯ ಮಂಟಪವನ್ನು ತೆಗೆದು ನೋಡುತ್ತೇನೆ. ಅದು ಸರಿಯಾದ ಬೆಳಕಿಗಿಂತ ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕಿನಷ್ಟು) ಮಬ್ಬಾಗಿ ಬರುವವರೆಗೆ ಐಎಸ್‌ಒ ಹೊಂದಿಸಿ, ಆಮೇಲೆ ಫ್ಲ್ಯಾಶ್ ಹಾಕುತ್ತೇನೆ. 1/100 ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ: ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಷಟರ್ ಅದಕ್ಕಿಂತ ವೇಗವಾದರೆ ಹಿನ್ನೆಲೆಯಲ್ಲಿ ಪಟ್ಟೆಗಳು ಮೂಡಬಹುದು.

ಇನ್ನೊಬ್ಬರು: ಮೇಲಿನ ಮಾತು ಸರಿ; ಆದರೆ ಮುಖ ಬಿಳಿಚುವುದಕ್ಕೆ ಮದ್ದು ಬೇರೆ. ಟಿಟಿಎಲ್‌ನಲ್ಲಿ (ಲೆನ್ಸಿನ ಮೂಲಕ ಬರುವ ಬೆಳಕನ್ನು ಅಳೆದು ಫ್ಲ್ಯಾಶಿನ ಶಕ್ತಿಯನ್ನು ತಾನೇ ನಿರ್ಧರಿಸುವ ವಿಧಾನ) ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೂದು ಎಂದು ಭಾವಿಸಿ ಫ್ಲ್ಯಾಶ್ ಅಳೆಯುತ್ತದೆ. ಕಪ್ಪು ಕೋಟು, ಗಾಢ ಬಣ್ಣದ ಪರದೆ ಚೌಕಟ್ಟನ್ನು ತುಂಬಿದ್ದರೆ ಅಗತ್ಯಕ್ಕಿಂತ ಹೆಚ್ಚು ಬೆಳಕು ಚೆಲ್ಲುತ್ತದೆ. ಧಾರೆಯ ಹೊತ್ತಿನಲ್ಲಿ ಬಿಳಿ ಪಂಚೆ, ಶಲ್ಯಗಳೇ ತುಂಬಿದ್ದರೆ ಅಗತ್ಯಕ್ಕಿಂತ ಕಡಿಮೆ ಬೆಳಕು ಕೊಡುತ್ತದೆ. ಮೊದಲನೆಯದಕ್ಕೆ ಫ್ಲ್ಯಾಶ್ ಕಾಂಪೆನ್ಸೇಷನ್ (ಫ್ಲ್ಯಾಶ್ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಹೊಂದಿಕೆ) ಮೈನಸ್ 1, ಎರಡನೆಯದಕ್ಕೆ ಪ್ಲಸ್ 2/3 ಇಟ್ಟು ಪ್ರಾರಂಭಿಸಿ. ಬಿಳಿ ತಾರಸಿ ತಗ್ಗಾಗಿದ್ದರೆ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ, ಬೆಳಕನ್ನು ತಾರಸಿಯಿಂದ ಬೌನ್ಸ್ ಮಾಡಿ. ಬಣ್ಣದ ಬಟ್ಟೆ ಕಟ್ಟಿದ ಚಪ್ಪರದಡಿಯಲ್ಲಿ ಹಾಗೆ ಮಾಡಿದರೆ ಮುಖಗಳಿಗೂ ಅದೇ ಬಣ್ಣ ಬರುತ್ತದೆ.

ಮತ್ತೊಬ್ಬರು: ಆರತಕ್ಷತೆಯ ವೇದಿಕೆಗೆ ನಾನು ಟಿಟಿಎಲ್ ಒಪ್ಪುವುದಿಲ್ಲ. ವಧೂವರರು ನಿಂತ ಜಾಗವೂ ನೀವು ನಿಂತ ಜಾಗವೂ ಬದಲಾಗುವುದಿಲ್ಲ, ಬದಲಾಗುವುದು ಅತಿಥಿಗಳ ಉಡುಪು ಮಾತ್ರ. ಫ್ಲ್ಯಾಶನ್ನೂ ಮ್ಯಾನ್ಯುಯಲ್‌ನಲ್ಲಿಟ್ಟರೆ ಎಲ್ಲ ಚಿತ್ರಗಳೂ ಒಂದೇ ಹದದಲ್ಲಿ ಬರುತ್ತವೆ. ನೇರವಾಗಿ ಹಾಯಿಸುವುದಾದರೆ ಗೈಡ್ ಸಂಖ್ಯೆಯನ್ನು (ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಸಂಖ್ಯೆ) ದೂರದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ: ಐಎಸ್‌ಒ 100ರಲ್ಲಿ ಗೈಡ್ ಸಂಖ್ಯೆ 40, ದೂರ 5 ಮೀಟರ್ ಇದ್ದರೆ ಪೂರ್ಣ ಶಕ್ತಿಗೆ ಎಫ್/8. (ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು ಗರಿಷ್ಠ ಜೂಮ್‌ಗೆ ಇಟ್ಟಾಗಿನದು, ಅದನ್ನು ನಂಬಬೇಡಿ.) ಎರಡು ಸಾಲು ಜನ ನಿಂತಾಗ ಎಫ್/5.6ಕ್ಕಿಂತ ಕೆಳಗಿಳಿಯಬೇಡಿ. ದೀಪಗಳು ಹಳದಿಯಾಗಿದ್ದರೆ ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) ಟಂಗ್‌ಸ್ಟನ್‌ಗೆ ಬದಲಿಸಿ, ಇಲ್ಲದಿದ್ದರೆ ಮುಖಗಳು ಸರಿಯಿದ್ದರೂ ಹಿಂದಿನ ಮಲ್ಲಿಗೆ ಹಾರಗಳು ಅರಿಸಿನ ಬಣ್ಣಕ್ಕೆ ತಿರುಗುತ್ತವೆ.