ಹೈದರಾಬಾದಿನ ಮೀನು ಆಫೀಸು: ಇಂಥ ಕಟ್ಟಡ ಬೇಕಾ?

ಬೀದರ್ ಬಸ್ಸು: ಹೋದ ವಾರ ತಂಗಿಯನ್ನು ಕರೆತರಲು ಹೈದರಾಬಾದ್ ಏರ್‌ಪೋರ್ಟಿಗೆ ಹೊರಟಿದ್ದೆ. ಮೆಹದಿಪಟ್ನಂ ದಾಟಿ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವಾಗ ರಸ್ತೆ ಪಕ್ಕ ಒಂದು ಮೀನು ಕಾಣಿಸಿತು. ನಾಲ್ಕು ಅಂತಸ್ತಿನ ಮೀನು! ಕಣ್ಣು, ರೆಕ್ಕೆ, ಬಾಲ ಎಲ್ಲ ಇದೆ. ಅದು ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಆಫೀಸಂತೆ, 2012ರದ್ದು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸರ್ಕಾರದ ದುಡ್ಡಲ್ಲಿ ಈ ಆಟ ಬೇಕಾ? ನಾಳೆ ಹಾಲಿನ ಡೇರಿಯವರು ಎಮ್ಮೆ ಆಕಾರದಲ್ಲಿ ಆಫೀಸು ಕಟ್ಟುತ್ತೇವೆ ಅಂದರೆ ಒಪ್ಪುತ್ತೀರಾ?

ಮಲ್ಪೆ ಬೋಟು: ಎಮ್ಮೆ ಕಟ್ಟಿದರೆ ನಾನಂತೂ ಟಿಕೆಟ್ ತೆಗೆದುಕೊಂಡು ನೋಡುತ್ತೇನೆ. ನನ್ನ ತಕರಾರು ಬೇರೆ. ಫೋಟೋ ಎಷ್ಟು ಸಲ ನೋಡಿದರೂ ಅದು ಬಂಗುಡೆಯೂ ಅಲ್ಲ, ಬೂತಾಯಿಯೂ ಅಲ್ಲ. ಅಂಜಲ್ ಅಂತೂ ಅಲ್ಲವೇ ಅಲ್ಲ. ಕಡಲಿಲ್ಲದ ಊರಲ್ಲಿ ಮೀನು ಕಟ್ಟಿದರೆ ಹೀಗೇ.

ಕೆರೆ ಏರಿ: ಕಡಲಿದ್ದರೆ ಮಾತ್ರ ಮೀನಾ ಮಾರಾಯ್ರೇ? ಈಗ ದೇಶದ ಒಟ್ಟು ಮೀನಿನಲ್ಲಿ ಕೆರೆ, ಹೊಂಡ, ನದಿಯ ಪಾಲೇ ಜಾಸ್ತಿ. ಕಾಟ್ಲಾ, ರೋಹು ಮರಿ ಬಿಡುವ ನಮ್ಮಂಥವರಿಗೆ ಆ ಮಂಡಳಿ ಕಡಲಿಗಿಂತ ಹತ್ತಿರ. ಅದು ಕಾಟ್ಲಾ ಅಂದುಕೊಳ್ಳಿ, ಮುಗೀತು.

ಮಲ್ಪೆ ಬೋಟು: ಕಾಟ್ಲಾದ ತಲೆ ಇನ್ನೂ ದಪ್ಪ ಇರುತ್ತದೆ.

ಟಿ-ಸ್ಕ್ವೇರ್: ನಾನು ಆರ್ಕಿಟೆಕ್ಟ್. ಬೀದರ್ ಬಸ್ಸು ಅವರ ಜಗಳ ನಮ್ಮ ಕ್ಲಾಸುಗಳಲ್ಲಿ ಹಳೆಯದು. ಅಮೆರಿಕದ ಆರ್ಕಿಟೆಕ್ಟ್‌ಗಳಾದ ರಾಬರ್ಟ್ ವೆಂಟುರಿ, ಡೆನಿಸ್ ಸ್ಕಾಟ್ ಬ್ರೌನ್ ಮತ್ತವರ ಜೊತೆಗಾರರು 1972ರಲ್ಲಿ ಇದಕ್ಕೆ ಎರಡು ಹೆಸರು ಕೊಟ್ಟರು. ಕಟ್ಟಡವೇ ಬೋರ್ಡು ಆದರೆ ಅದು ‘ಬಾತುಕೋಳಿ’. ಮಾಮೂಲಿ ಡಬ್ಬದಂಥ ಕಟ್ಟಡಕ್ಕೆ ಮುಂದೆ ಬೋರ್ಡು, ಅಲಂಕಾರ ಹಚ್ಚಿದರೆ ‘ಸಿಂಗರಿಸಿದ ಶೆಡ್ಡು’. ನಮ್ಮ ದರ್ಶಿನಿಗಳೆಲ್ಲ ಶೆಡ್ಡು. ಅವರ ಒಲವೂ ಶೆಡ್ಡಿನ ಕಡೆಗೇ ಇತ್ತು, ನನ್ನದೂ ಅಷ್ಟೇ. ಇವತ್ತು ಇಡ್ಲಿ ಮಾರಿದ ಜಾಗದಲ್ಲಿ ನಾಳೆ ಮೊಬೈಲ್ ಮಾರಬಹುದು. ಮೀನಿನ ಹೊಟ್ಟೆಯಲ್ಲಿ ನಾಳೆ ಏನು ಮಾರುತ್ತೀರಿ?

ಕಡಲಾಚೆ: ಆ ಹೆಸರಿಗೆ ಕಾರಣವಾದ ಬಾತುಕೋಳಿಯನ್ನು ನಾನು ಮುಟ್ಟಿ ನೋಡಿದ್ದೇನೆ! ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿದೆ. ಮಾರ್ಟಿನ್ ಮೌರರ್ ಎಂಬ ಬಾತುಕೋಳಿ ಸಾಕುವವನು 1931ರಲ್ಲಿ ಕಟ್ಟಿಸಿದ್ದು. 20 ಅಡಿ ಎತ್ತರ, 30 ಅಡಿ ಉದ್ದ. ಮರದ ಚೌಕಟ್ಟು, ಅದರ ಮೇಲೆ ತಂತಿ ಬಲೆ, ಮೇಲೆ ಸಿಮೆಂಟು. ಬಾಗಿಲು ಎದೆಯಲ್ಲಿದೆ. ಒಳಗೆ ಅವನು ಬಾತುಕೋಳಿ, ಮೊಟ್ಟೆ ಮಾರುತ್ತಿದ್ದ. ನನಗೆ ತುಂಬಾ ಇಷ್ಟವಾದದ್ದು ಅದರ ಕಣ್ಣು. ಹಳೇ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದಿನ ಕೆಂಪು ಲೈಟು. ಕಾರಲ್ಲಿ ಹೋಗುವವರನ್ನು ನಿಲ್ಲಿಸಲು ಕಾರಿನದೇ ದೀಪ!

ಟಿ-ಸ್ಕ್ವೇರ್ ಅವರ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಬಾತು ವ್ಯಾಪಾರ ಯಾವತ್ತೋ ನಿಂತಿತು. ಕಟ್ಟಡ ಕೌಂಟಿಯ ಕೈಗೆ ಬಂತು. 1988ರಲ್ಲಿ ಅದನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಟ್ಟರು, 2007ರಲ್ಲಿ ಮತ್ತೆ ಫ್ಲ್ಯಾಂಡರ್ಸ್‌ಗೆ ತಂದರು. ಈಗ ಒಳಗೆ ಸಣ್ಣ ಗಿಫ್ಟ್ ಅಂಗಡಿ. ಶೆಡ್ಡಾಗಿದ್ದರೆ ಯಾರಾದರೂ ಎರಡೆರಡು ಸಲ ಹೊತ್ತುಕೊಂಡು ತಿರುಗುತ್ತಿದ್ದರಾ?

ಟಿ-ಸ್ಕ್ವೇರ್: ಅದು ಪುಟ್ಟದು ಅಕ್ಕ, ಹೊತ್ತರು. ಒಹಾಯೊದ ಬುಟ್ಟಿ ಹೊರುವವರು ಯಾರು? ಲಾಂಗಬರ್ಗರ್ ಅಂತ ಬುಟ್ಟಿ ಹೆಣೆದು ಮಾರುತ್ತಿದ್ದ ಕಂಪನಿ. 1997ರಲ್ಲಿ ತನ್ನದೇ ಬುಟ್ಟಿಯ ಆಕಾರದಲ್ಲಿ ಏಳು ಅಂತಸ್ತಿನ ಆಫೀಸು ಕಟ್ಟಿತು. ಮೇಲಿನ ಎರಡು ಹಿಡಿಗಳೇ ಸುಮಾರು 150 ಟನ್. ಚಳಿಗಾಲದಲ್ಲಿ ಹಿಡಿಯ ಮೇಲೆ ಮಂಜುಗಡ್ಡೆ ಕಟ್ಟಿ ಕೆಳಗಿನ ಗಾಜಿನ ಚಾವಣಿ ಮೇಲೆ ಬೀಳಬಾರದಲ್ಲ, ಅದಕ್ಕೆ ಹಿಡಿಗಳನ್ನು ಬಿಸಿ ಮಾಡಬೇಕಿತ್ತು. ವ್ಯಾಪಾರ ಇಳಿಯಿತು, 2016ರಲ್ಲಿ ಆಫೀಸು ಖಾಲಿ. ಬುಟ್ಟಿಯೊಳಗೆ ಬ್ಯಾಂಕು ನಡೆಸಲು ಯಾರಿಗೆ ಮನಸ್ಸು ಬರುತ್ತದೆ?

ಬೀದರ್ ಬಸ್ಸು: ಹಾಂ! ನಾನೂ ಅದನ್ನೇ ಹೇಳಿದ್ದು!

ಕೆರೆ ಏರಿ: ನೀವು ಹೇಳಿದ್ದು ಎಮ್ಮೆ ಕತೆ, ಸರ್.

ಮಾಜಿ ಹವಾಲ್ದಾರ್: ನಾನು ಜಲಂಧರ್ ಕಂಟೋನ್ಮೆಂಟಿನಲ್ಲಿ ನಾಲ್ಕು ವರ್ಷ ಇದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಮನೆ ಮೇಲಿನ ನೀರಿನ ಟ್ಯಾಂಕು ನೋಡಬೇಕು ನೀವು. ವಿಮಾನ, ಫುಟ್‌ಬಾಲ್, ಹದ್ದು! ಮಕ್ಕಳು ಕೆನಡಾಗೋ ಇಂಗ್ಲೆಂಡಿಗೋ ಹೋದ ಮನೆ ಮೇಲೆ ವಿಮಾನ. ವಿಳಾಸ ಕೇಳಿದರೆ ‘ಜಹಾಜ್ ವಾಲಿ ಕೋಠಿ ಪಕ್ಕ’ ಅನ್ನುತ್ತಿದ್ದರು. ಒಂದು ಮನೆಯಲ್ಲಿ ಲಸ್ಸಿ ಕುಡಿಯುತ್ತಾ ಅಜ್ಜಿಯನ್ನು ಕೇಳಿದೆ, ಇದು ಯಾಕಮ್ಮ ಅಂತ. ಆಕೆ ಮೇಲೆ ನೋಡಿ, ‘ಮಗ ಬರುವುದಿಲ್ಲ, ವಿಮಾನವಾದರೂ ಇರಲಿ’ ಅಂದರು. ಆಮೇಲೆ ನಾನು ನಗಲಿಲ್ಲ.

ಕಡಲಾಚೆ: ಸರ್, ನಮ್ಮಮ್ಮ ಈ ಥ್ರೆಡ್ ಓದದೆ ಇರಲಿ.

ಟಿ-ಸ್ಕ್ವೇರ್: ಟ್ಯಾಂಕಿಗೆ ನನ್ನ ತಕರಾರಿಲ್ಲ. ಆಕಾರ ಯಾವುದಾದರೇನು, ನೀರು ನಿಂತರೆ ಆಯಿತು. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನೂ ಇಷ್ಟ. ಶಿಗ್ಗಾವಿ ಹತ್ತಿರ ಹೆದ್ದಾರಿ ಪಕ್ಕದ್ದು, ಸೊಲಬಕ್ಕನವರ ಅವರು ಮಾಡಿದ್ದು. ಅಲ್ಲಿ ಎತ್ತು, ಆಳು ಎಲ್ಲ ನೋಡುವುದಕ್ಕೇ ಇರುವುದು. ಒಳಗೆ ಯಾರೂ ಕುರ್ಚಿ ಹಾಕಿ ಕೂರಬೇಕಿಲ್ಲ.

ಕೆರೆ ಏರಿ: ಒಳಗೆ ಕೂರುವವರ ಕಷ್ಟ ಸರಿ. ಹೊರಗಿಂದ ಬರುವವರ ಕಷ್ಟ? ತರಬೇತಿಗೆ ಅಂತ ಊರಿಂದ ಹೋದವರಿಗೆ ಆ ಆಫೀಸಿನ ಉದ್ದ ಹೆಸರು ಬಾಯಿಗೆ ಬರುವುದಿಲ್ಲ. ವಿಳಾಸದಲ್ಲಿ ‘ಪಿಲ್ಲರ್ ನಂಬರ್ 235’ ಅಂತಿದೆ. ಓಡುವ ಆಟೋದಲ್ಲಿ ಪಿಲ್ಲರ್ ಎಣಿಸುತ್ತಾ ಕೂರಲಾ? ‘ಮಛಲಿ ಬಿಲ್ಡಿಂಗ್’ ಅಂದೆ, ಆಟೋದವನು ಸೀದಾ ತಂದು ಬಿಟ್ಟ. ಬೆಂಗಳೂರಲ್ಲಿ ಎಷ್ಟು ಸರ್ಕಾರಿ ಆಫೀಸು ಹಾಗೆ ಸಿಗುತ್ತವೆ? ಎಲ್ಲ ಒಂದೇ ಥರ, ಯಾವುದೋ ಭವನ, ಎಷ್ಟನೆಯದೋ ಮಹಡಿ.

ಬೀದರ್ ಬಸ್ಸು: ಅದೊಂದು ಮಾತು ಒಪ್ಪಿದೆ. ಹೋದ ತಿಂಗಳು ಒಂದು ಸಹಿಗಾಗಿ ಮೂರು ಭವನ ಹತ್ತಿ ಇಳಿದಿದ್ದೇನೆ. ಆದರೂ ಎಮ್ಮೆ ಬೇಡ. ಮುಂದಿನ ಭಾನುವಾರ ತಂಗಿಯನ್ನು ವಾಪಸ್ ಬಿಡಬೇಕು, ಆಗ ನಿಲ್ಲಿಸಿ ಸರಿಯಾಗಿ ನೋಡುತ್ತೇನೆ.

ಮಲ್ಪೆ ಬೋಟು: ಬಾಲದ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಯಾವ ಮೀನು ಅಂತ ಬಾಲ ನೋಡಿ ಹೇಳುತ್ತೇನೆ.